ಸಭೆ ಮುಗೀತು, ಕೆಲಸ ಎಲ್ಲಿ?

ಬಂಡೂರು ಎಂದರೆ ಮಾಂಸಪ್ರಿಯರ ಬಾಯಲ್ಲಿ ನೀರು. ಮಳವಳ್ಳಿ ತಾಲ್ಲೂಕಿನ ಈ ಊರಿನ ಗಿಡ್ಡ ಕಾಲಿನ ಕುರಿಗೆ ಅಷ್ಟು ಹೆಸರು. ಆದರೆ ಕುರಿ ಸಾಕುವವನ ಮಾತಿಗೆ ಗ್ರಾಮಸಭೆಯಲ್ಲಿ ಅಷ್ಟೇ ಬೆಲೆ ಉಂಟೇ?

ಕಾನೂನಿನಲ್ಲಿ ಉಂಟು. 1983ರ ಕಾಯ್ದೆಯ ಮೂಲಕ ಅಬ್ದುಲ್ ನಜೀರ್ ಸಾಬರು ಅಧಿಕಾರವನ್ನು ಹಳ್ಳಿ ಕಟ್ಟೆಗೆ ಇಳಿಸಿದರು. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ವಸತಿ ಯೋಜನೆಯ ಫಲಾನುಭವಿ ಆಯ್ಕೆಯೂ ಇಲ್ಲೇ ಆಗಬೇಕು. ಯಾರಿಗೆ ಸೂರು, ಯಾರಿಗೆ ಇಲ್ಲ ಎಂಬ ತೀರ್ಮಾನ ಸಣ್ಣದಲ್ಲ.

ನಡೆಯೋದು ಬೇರೆ. ಹೊತ್ತೇರಿದ ಮೇಲೆ ಸಭೆ ಕರೆದರೆ ಕುರಿಯವನು ಹೊಲದಲ್ಲಿ, ಅಂಗಡಿಯವನು ಗಲ್ಲಾಪೆಟ್ಟಿಗೆ ಮುಂದೆ, ಕೂಲಿಯವಳು ಕಬ್ಬಿನ ಗದ್ದೆಯಲ್ಲಿ. ಬಂದವರು ಹಾಜರಿ ಪುಸ್ತಕಕ್ಕೆ ರುಜು ಹಾಕಿ ಟೀ ಕುಡಿದು ಎದ್ದರೆ ಕೋರಂ ಭರ್ತಿ, ಸಭೆ ಖಾಲಿ. ಉಳಿದವರು ಚರಂಡಿಯಿಂದ ಹಳೇ ಜಗಳದವರೆಗೆ ಎಲ್ಲ ಎಳೆದು ಹೊತ್ತು ಕಳೆಯುತ್ತಾರೆ. ಕೊನೆಗೆ 'ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು' ಎಂದು ನಡಾವಳಿಯಲ್ಲಿ ಒಂದು ಸಾಲು. ಕ್ರಮ ಯಾರದು? ಯಾವತ್ತು? ದೇವರೇ ಬಲ್ಲ.

ಹಾಲಿನ ಸೊಸೈಟಿ ನೋಡಿ. ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ಆಗಲೇಬೇಕು. ಲೆಕ್ಕ ಓದುವಾಗ ಜನ ಕದಲೋದಿಲ್ಲ. ಕಾರಣ ಇಷ್ಟೇ: ಬೋನಸ್ಸು ತನ್ನ ಜೇಬಿನದು. ಪಂಚಾಯಿತಿ ದುಡ್ಡೂ ತನ್ನದೇ ಎಂದು ಜನಕ್ಕೆ ಕಾಣಿಸುತ್ತಿಲ್ಲ. ಲೆಕ್ಕವನ್ನು ಮುಂಚೆಯೇ ಬೋರ್ಡಿಗೆ ಅಂಟಿಸಿದರೆ ಕಾಣಿಸುತ್ತೆ.

ದಾರಿ ಕಷ್ಟದ್ದೇನಲ್ಲ. ಮೊದಲು ವಾರ್ಡ್ ಸಭೆ ಸರಿಯಾಗಿ ಆಗಲಿ. ಬೀದಿ ದೀಪದ ಜಗಳ ಅಲ್ಲೇ ತೀರಿದರೆ ಗ್ರಾಮಸಭೆಗೆ ದೊಡ್ಡ ವಿಷಯ ಮಾತ್ರ ಉಳಿಯುತ್ತದೆ. ಹೊತ್ತು ಗೊತ್ತು ಮಾಡುವಾಗ ಸಾಹೇಬರ ಜೀಪು ನೋಡದೆ ಜನರ ಬಿಡುವು ನೋಡಲಿ. ಐದಾರು ವಿಷಯ ಮೊದಲೇ ಡಂಗುರ ಹೊಡೆಸಲಿ. ಪ್ರತಿ ನಿರ್ಣಯದ ಮುಂದೆ ಒಬ್ಬರ ಹೆಸರು, ಒಂದು ತಾರೀಖು ಬರೆಯಲಿ. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ.

ಜನರದ್ದೂ ತಪ್ಪುಂಟು. ಬಸ್ ಸ್ಟ್ಯಾಂಡಿನಲ್ಲಿ ಗಂಟೆಗಟ್ಟಲೆ ಬೈಯುವ ಬಾಯಿ ಸಭೆಯಲ್ಲಿ ಮುಚ್ಚಿರುತ್ತೆ. ಮುಂದಿನ ಸಭೆಯಲ್ಲಿ ಭಾಷಣ ಬೇಡ, ಒಂದೇ ಪ್ರಶ್ನೆ ಸಾಕು: ಹೋದ ಸಲದ ನಿರ್ಣಯ ಏನಾಯ್ತು ಸ್ವಾಮಿ?