ಸೋರುವ ಕಿವಿಗೆ ಒಂದು ಆಪರೇಷನ್ ಸಾಲದು
ರಾಜ್ಯದ ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಲ್ಯಾಣ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಕಿವಿ-ಮೂಗು-ಗಂಟಲು ವೈದ್ಯನಾಗಿ ದುಡಿದು ನಿವೃತ್ತನಾದವನು ನಾನು. ಮಕ್ಕಳ ಸೋರುವ ಕಿವಿಯ ವಿಚಾರವಾಗಿ ತಮಗೆ ಬರೆಯುತ್ತಿದ್ದೇನೆ. ಬಡವರ ಮಕ್ಕಳ ಕಿವಿ ಆಪರೇಷನ್ನಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸರ್ಕಾರ ಈಗಾಗಲೇ ದುಡ್ಡು ಕೊಡುತ್ತಿದೆ. ಅದಾದ ಮೇಲಿನ ವರ್ಷಗಳನ್ನೂ ಸರ್ಕಾರವೇ ನೋಡಿಕೊಳ್ಳಬೇಕು ಅನ್ನುವುದು ನನ್ನ ಮನವಿ.

ನಮ್ಮ ಕಡೆ ಕಿವಿ ಸೋರುವುದನ್ನು ಯಾರೂ ರೋಗ ಅಂದುಕೊಳ್ಳುವುದಿಲ್ಲ. 'ಸಣ್ಣಾಂವ ಇದ್ದಾಗಿಂದ ಸೋರ್ತದ್ರಿ, ದೊಡ್ಡಾಂವ ಆದ್ರ ತಾನೇ ನಿಂತು ಹೋಗ್ತದ' ಅನ್ನುತ್ತಾರೆ. ಅಷ್ಟರಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಯಾವುದೋ ಸೊಪ್ಪಿನ ರಸ, ಔಷಧಿ ಅಂಗಡಿಯವರು ಕೊಟ್ಟ ಯಾವುದೋ ಡ್ರಾಪ್ಸು ಎಲ್ಲವೂ ಆ ಕಿವಿಗೆ ಬಿದ್ದಿರುತ್ತವೆ. ಶಾಲೆಯಲ್ಲಿ ಕೀವಿನ ವಾಸನೆಗೆ ಪಕ್ಕದ ಮಕ್ಕಳು ಸರಿದು ಕೂರುತ್ತಾರೆ. ಕಿವಿಗೆ ಅರಳೆ ತುರುಕಿಕೊಂಡ ಹುಡುಗ ಹಿಂದಿನ ಬೆಂಚಿಗೆ ಹೋಗುತ್ತಾನೆ. ಹಿಂದಿನ ಬೆಂಚಿಗೆ ಮೇಷ್ಟ್ರ ಮಾತು ಇನ್ನೂ ಕಡಿಮೆ ಕೇಳಿಸುತ್ತದೆ. ಕೊನೆಗೆ ಅವನು ದಡ್ಡ ಅನ್ನಿಸಿಕೊಳ್ಳುತ್ತಾನೆ. ಈ ನಾಲ್ಕು ಹೆಜ್ಜೆಗಳನ್ನು ನಾನು ಎಷ್ಟು ಮಕ್ಕಳ ಬಾಳಿನಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಹೊರತಂದ ವರದಿಯ ಪ್ರಕಾರ ಲೋಕದಲ್ಲಿ 6.5 ಕೋಟಿಯಿಂದ 33 ಕೋಟಿ ಜನರಿಗೆ ಸೋರುವ ಕಿವಿಯಿತ್ತು. ಅವರಲ್ಲಿ ಶೇ. 60ರಷ್ಟು ಜನರಿಗೆ ಕೇಳುವಿಕೆ ಗಣನೀಯವಾಗಿ ಕುಂದಿತ್ತು. ಈ ಕಾಯಿಲೆ ಅತಿ ಹೆಚ್ಚಿರುವ ದೇಶಗಳ ಸಾಲಿನಲ್ಲಿ ಅದು ಭಾರತವನ್ನೂ ಇಟ್ಟಿತ್ತು.

ಸೋರುವ ಕಿವಿ ಎಲ್ಲವೂ ಒಂದೇ ಅಲ್ಲ. ಬಹುಪಾಲು ಮಕ್ಕಳಲ್ಲಿ ಕಿವಿಯ ತಮಟೆಯ ನಡುವೆ ತೂತು ಬಿದ್ದಿರುತ್ತದೆ. ಮೂಗಿನ ಹಿಂಬದಿಯಿಂದ ನಡುಗಿವಿಗೆ ಹೋಗುವ ನಾಳ ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ. ನೆಗಡಿಯ ಸೋಂಕು ಅದರ ಮೂಲಕ ಸಲೀಸಾಗಿ ಕಿವಿಗೆ ಹತ್ತುತ್ತದೆ. ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಬೆಳೆದಿದ್ದರೆ ಇನ್ನೂ ತೊಂದರೆ. ಇಂಥ ಕಿವಿಯನ್ನು ಒರೆಸಿ ಒಣಗಿಸಿ, ಸಿಪ್ರೊಫ್ಲಾಕ್ಸಸಿನ್ ಡ್ರಾಪ್ಸ್ ಹಾಕಿ, ನೀರು ಹೋಗದಂತೆ ಕಾಯ್ದುಕೊಂಡರೆ ಸೋರುವುದು ಬಹುಮಟ್ಟಿಗೆ ನಿಲ್ಲುತ್ತದೆ. ತೂತು ಮುಚ್ಚದಿದ್ದರೆ ಮಗುವಿಗೆ ಏಳೆಂಟು ವರ್ಷ ತುಂಬಿದ ಮೇಲೆ, ಕಿವಿಯ ಮೇಲ್ಬದಿಯ ಸ್ನಾಯುವಿನ ತೆಳು ಪೊರೆಯನ್ನು ತೆಗೆದು ತಮಟೆಗೆ ತೇಪೆ ಹಾಕುತ್ತೇವೆ. ಟಿಂಪನೋಪ್ಲಾಸ್ಟಿ ಅಂದರೆ ಇದೇ. ಎಷ್ಟು ಕಾಯಬೇಕು ಅನ್ನುವುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಎರಡೂ ಕಿವಿ ಮಂದವಾಗಿ ಪಾಠವೇ ಕೇಳದ ಮಗುವನ್ನು ವಯಸ್ಸು ನೋಡುತ್ತಾ ಕಾಯಿಸಬಾರದು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಬಗೆಯ ಸೋರುವ ಕಿವಿಗೆ ಕಾಯುವ ಪುರುಸೊತ್ತಿಲ್ಲ. ಒಂಬತ್ತು-ಹತ್ತು ವರ್ಷದ ಹುಡುಗಿಯೊಬ್ಬಳ ಕಿವಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದು ಹೇಳುತ್ತೇನೆ. ಸೋರಿಕೆ ಸ್ವಲ್ಪವೇ, ವಾಸನೆ ಮಾತ್ರ ತಡೆಯಲಾಗದಷ್ಟು. ತಮಟೆಯ ಮೇಲ್ಭಾಗದಲ್ಲಿ ಸಣ್ಣ ಹೊಂಡ, ಅದರ ಬಾಯಿಗೆ ಕಂದು ಬಣ್ಣದ ಹಕ್ಕಳೆ. ಹಕ್ಕಳೆ ಎತ್ತಿದರೆ ಒಳಗೆ ಮುತ್ತಿನಂತೆ ಬೆಳ್ಳಗೆ ಹೊಳೆಯುವ ಪದರ. ಅದು ಕೊಲೆಸ್ಟಿಯಟೋಮ: ಇರಬಾರದ ಜಾಗಕ್ಕೆ ಹೊಕ್ಕ ಚರ್ಮ ಚೀಲ ಕಟ್ಟಿಕೊಂಡು, ಸತ್ತ ಪದರಗಳನ್ನು ತುಂಬಿಕೊಳ್ಳುತ್ತಾ, ಸುತ್ತಲ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ಆಪರೇಷನ್ ದಿನ ಕಿವಿಯ ಹಿಂದಿನ ಮೂಳೆಯನ್ನು ನೀರು ಬಿಡುತ್ತಾ ಡ್ರಿಲ್‌ನಿಂದ ಕೊರೆದು ಒಳಹೋದರೆ, ಮೂರು ಪುಟ್ಟ ಮೂಳೆಗಳಲ್ಲಿ ನಡುವಿನದರ ಕಾಲು ಕರಗಿಹೋಗಿತ್ತು. ಮುಖದ ನರದ ಮೇಲಿನ ಮೂಳೆಯ ಹೊದಿಕೆಯೂ ಒಂದು ಕಡೆ ಇರಲಿಲ್ಲ. ಬರಿ ನರ ಕಣ್ಣೆದುರಿಗೆ. ಇನ್ನು ಕೆಲವು ತಿಂಗಳು ತಡವಾಗಿದ್ದರೆ ಆಕೆಯ ಬಾಯಿ ಒಂದು ಕಡೆಗೆ ಸೊಟ್ಟಗಾಗಬಹುದಿತ್ತು. ಇದೇ ರೋಗ ಮಿದುಳಿನತ್ತ ಹರಿದರೆ ಮೆನಿಂಜೈಟಿಸ್, ಮಿದುಳಿನಲ್ಲಿ ಕೀವುಗಡ್ಡೆ. ಜ್ವರ, ತಲೆನೋವು, ವಾಂತಿ ಅಂತ ಬಂದ ಮಗುವಿಗೆ ಕಿವಿ ಸೋರುವುದುಂಟೇ ಎಂದು ಕೇಳದೆ ಹೊತ್ತು ಕಳೆದುಹೋದ ಸಂದರ್ಭಗಳನ್ನು ನಾನು ಕಂಡಿದ್ದೇನೆ.

ಆ ಆಪರೇಷನ್ ಟೇಬಲ್ಲಿನ ಮುಂದೆ ವೈದ್ಯ ಒಂದು ನಿರ್ಧಾರ ಮಾಡಬೇಕು. ಕಿವಿ ನಾಳದ ಹಿಂಗೋಡೆಯನ್ನು ಉಳಿಸುವುದೋ ಕೆಡವುವುದೋ? ಉಳಿಸಿದರೆ ಕಿವಿಯ ಆಕಾರ ಹಾಗೇ ಇರುತ್ತದೆ. ಮಗು ಮುಂದೆ ನೀರಿಗಿಳಿಯಬಹುದು, ಬೇಕಾದರೆ ಶ್ರವಣ ಸಾಧನ ಸಲೀಸಾಗಿ ಹೊಂದುತ್ತದೆ. ಆದರೆ ಗೋಡೆಯ ಮರೆಯಲ್ಲಿ ರೋಗದ ಚೂರು ಉಳಿದಿದ್ದರೆ ಹೊರಗೆ ಕಾಣುವುದಿಲ್ಲ. ದೊಡ್ಡವರಿಗಿಂತ ಮಕ್ಕಳಲ್ಲಿ ಅದು ಮರುಕಳಿಸುವುದು ಹೆಚ್ಚು. ಹಾಗಾಗಿ ಒಂಬತ್ತು ತಿಂಗಳಿಗೋ ವರ್ಷಕ್ಕೋ ಮತ್ತೆ ಕಿವಿ ತೆರೆದು ನೋಡಬೇಕು, ಇಲ್ಲವೇ ವಿಶೇಷ ಎಂಆರ್‌ಐ ಮಾಡಿಸಬೇಕು. ಗೋಡೆ ಕೆಡವಿದರೆ ರೋಗ ಅಡಗಲು ಜಾಗವಿಲ್ಲ, ಪ್ರಾಣಕ್ಕೆ ಅದೇ ಕ್ಷೇಮ. ಆದರೆ ಕಿವಿಯೊಳಗೆ ದೊಡ್ಡ ಪೊಳ್ಳು ಉಳಿಯುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಅದನ್ನು ವೈದ್ಯರೇ ಶುಚಿ ಮಾಡಬೇಕು, ಅದೂ ಜೀವಮಾನವಿಡೀ. ಬಾವಿ, ಕೆರೆಯಲ್ಲಿ ಈಜುವಂತಿಲ್ಲ. ತಣ್ಣೀರು ಹೊಕ್ಕರೆ ತಲೆ ಸುತ್ತುತ್ತದೆ.

ರೋಗ ಎಲ್ಲೆಲ್ಲಿ ಹರಡಿದೆ, ಇನ್ನೊಂದು ಕಿವಿ ಹೇಗಿದೆ ಎಂದು ನೋಡಿ ನಿರ್ಧರಿಸಿ ಅನ್ನುತ್ತವೆ ನಮ್ಮ ಪಠ್ಯಗಳು. ನಾನು ನಿರ್ಧರಿಸುತ್ತಿದ್ದುದು ಬಹಳ ಸಲ ಇನ್ನೊಂದನ್ನು ಕೇಳಿ: 'ಯವ್ವಾ, ವರ್ಷ ಬಿಟ್ಟು ಮತ್ತ ಕರಕೊಂಡು ಬರ್ತೀಯೇನು?' ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಹೈದರಾಬಾದಿಗೋ ಮುಂಬೈಗೋ ದುಡಿಯಲು ಹೋಗುವ ಮನೆಯವರು ಅವರು. ತಾಯಿ ನೆಲ ನೋಡಿಕೊಂಡು ನಿಂತರೆ ನಾನು ಗೋಡೆ ಕೆಡವುತ್ತಿದ್ದೆ. ಅಂಥ ಕಡೆ ಅದೇ ಸರಿಯಾದ ಆಪರೇಷನ್ ಎಂದು ಈಗಲೂ ನಂಬಿದ್ದೇನೆ. ಆದರೆ ಒಂದು ಮಗು ಇನ್ನು ಮುಂದೆ ನೀರಿಗಿಳಿಯಬಹುದೋ ಇಲ್ಲವೋ ಎಂಬುದನ್ನು ರೋಗಕ್ಕಿಂತ ಅಪ್ಪ-ಅಮ್ಮನ ಕೂಲಿ ತೀರ್ಮಾನಿಸುತ್ತಿದೆ. ಇದನ್ನು ಬದಲಿಸುವ ಶಕ್ತಿ ಇರುವುದು ತಮ್ಮ ಕೈಯಲ್ಲಿ. ಗೋಡೆ ಕೆಡವಿದ ಮಕ್ಕಳೂ ಶುಚಿ ಮಾಡಿಸಿಕೊಳ್ಳಲು ಬರಬೇಕಲ್ಲ? ಎಷ್ಟೋ ಮಕ್ಕಳು ಬರುವುದಿಲ್ಲ. ಆ ಪೊಳ್ಳು ಮತ್ತೆ ಸೋರಲು ಶುರುವಾಗುತ್ತದೆ. ಆಪರೇಷನ್ ಮಾಡಿಸಿದರೂ ಏನಾಯಿತು ಎಂದು ಊರು ಮಾತಾಡಿಕೊಳ್ಳುತ್ತದೆ. ಪಕ್ಕದ ಮನೆಯವರು ತಮ್ಮ ಮಗುವನ್ನು ಆಸ್ಪತ್ರೆಗೆ ಕರೆತರುವುದಿಲ್ಲ.

ಯೋಜನೆಗಳಿಗೆ ಕೊರತೆಯಿಲ್ಲ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2007ರಿಂದ ಇದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಹೋಗಿ ಮಕ್ಕಳನ್ನು ತಪಾಸಣೆ ಮಾಡಬೇಕು. ಅವರು ಹುಡುಕಬೇಕಾದ ಕಾಯಿಲೆಗಳಲ್ಲಿ ನಡುಗಿವಿಯ ಸೋಂಕೂ ಒಂದು. ಆದರೆ ನಾನು ಕಂಡ ರೆಫರ್ ಚೀಟಿಗಳಲ್ಲಿ 'ಕಿವಿ ಸೋರುವಿಕೆ' ಎಂದಷ್ಟೇ ಇರುತ್ತಿತ್ತು. ಕಾಯಬಹುದಾದ ಕಿವಿಯೂ ಕಾಯಲಾಗದ ಕಿವಿಯೂ ಒಂದೇ ಸಾಲಿನಲ್ಲಿ. ದುರ್ವಾಸನೆ, ತಮಟೆಯ ಮೇಲ್ಭಾಗದಲ್ಲಿ ಹೊಂಡ, ಕಿವಿಯ ಹಿಂದೆ ಬಾವು, ಬಾಯಿ ಸೊಟ್ಟ, ತಲೆಸುತ್ತು: ಇವುಗಳಲ್ಲಿ ಒಂದಿದ್ದರೂ ಚೀಟಿಗೆ ಕೆಂಪು ಗುರುತು ಬೀಳಬೇಕು, ಆ ಮಗುವಿಗೆ ಆಪರೇಷನ್ ದಿನಾಂಕ ಮೊದಲು ಸಿಗಬೇಕು. ಇದಕ್ಕೆ ಹೆಚ್ಚು ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಹಣ ಬೇಕಾದದ್ದು ಆಮೇಲಿನ ಕೆಲಸಕ್ಕೆ. ಕ್ಷಯರೋಗಿಯ ಹೆಸರು ನಿಕ್ಷಯ್ ಪಟ್ಟಿಯಲ್ಲಿ ಸೇರಿದರೆ ಔಷಧ ಮುಗಿಯುವ ತನಕ ಇಲಾಖೆ ಬೆನ್ನು ಬಿಡುವುದಿಲ್ಲ. ಊಟಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1,000 ರೂಪಾಯಿ ಖಾತೆಗೆ ಬರುತ್ತದೆ. ಕೊಲೆಸ್ಟಿಯಟೋಮದ ಮಗುವಿಗೂ ಅಂಥ ಪಟ್ಟಿ ಬೇಕು. ಮೊದಲ ಆಪರೇಷನ್ನಿಗೆ ಮಂಜೂರಾತಿ ಕೊಡುವಾಗಲೇ ವರ್ಷದ ನಂತರದ ಮರುನೋಟಕ್ಕೂ ಮಂಜೂರಾತಿ ಆಗಿರಬೇಕು. ತಾಯಿ ಮತ್ತೊಮ್ಮೆ ಕಾಗದಪತ್ರ ಹಿಡಿದು ಅಲೆಯಬಾರದು. ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಆಕೆಗೆ ಬಸ್ ಚಾರ್ಜಿನ ಚಿಂತೆ ಇಲ್ಲ, ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಆಸ್ಪತ್ರೆಗೆ ಬಂದ ದಿನದ ಕೂಲಿ ಹೋಗುತ್ತದೆ. ಆ ದಿನದ ಕೂಲಿಯನ್ನು ಕೊಟ್ಟುಬಿಡಿ.

ಶುಚಿ ಮಾಡುವ ಕೆಲಸ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬಹುದು. ತಿಂಗಳಿಗೊಂದು ನಿಗದಿತ ದಿನ, ಒಬ್ಬ ಕಿವಿ ವೈದ್ಯರು, ಒಂದು ಸಕ್ಷನ್ ಯಂತ್ರ, ಒಂದು ಎಂಡೋಸ್ಕೋಪ್. ಮೈಕ್ರೋಸ್ಕೋಪ್ ಇಲ್ಲದ ಕಡೆಗೂ ಎಂಡೋಸ್ಕೋಪ್ ಒಯ್ಯಬಹುದು.

ಕೇಳುವಿಕೆಯ ಮಾತನ್ನು ಕೊನೆಗೆ ಇಟ್ಟಿದ್ದೇನೆ, ಅದು ಸಣ್ಣದೆಂದಲ್ಲ. 1873ರಲ್ಲಿ ಜರ್ಮನಿಯ ಷ್ವಾರ್ಟ್ಸೆ ಕಿವಿಯ ಹಿಂದಿನ ಮೂಳೆ ಕೊರೆಯುವ ವಿಧಾನವನ್ನು ಪ್ರಕಟಿಸಿದಾಗ ಪ್ರಾಣ ಉಳಿದರೆ ಸಾಕಿತ್ತು. 1950ರ ದಶಕದಲ್ಲಿ ಅದೇ ದೇಶದ ವುಲ್‌ಸ್ಟೈನ್ ಮತ್ತು ಝೋಲ್ನರ್ ಕೇಳುವಿಕೆಯನ್ನೂ ಮರಳಿ ಕಟ್ಟಬಹುದೆಂದು ತೋರಿಸಿದರು. ನಮ್ಮ ಆಸ್ಪತ್ರೆಗಳಲ್ಲಿ ಕಿವಿ ಒಣಗಿತೆಂದರೆ ಕಡತ ಮುಚ್ಚುತ್ತದೆ. ಆಪರೇಷನ್ ಆದ ಮಗುವಿಗೆ ಆಡಿಯೋಮೆಟ್ರಿ ಮಾಡಿ, ಕಡಿಮೆ ಇದ್ದರೆ ಶ್ರವಣ ಸಾಧನ ಕೊಟ್ಟು, ಮುಂದಿನ ಬೆಂಚಿನಲ್ಲಿ ಕೂರಿಸಿ ಎಂದು ಮೇಷ್ಟ್ರಿಗೆ ಒಂದು ಚೀಟಿ ಬರೆಯಲು ಜಿಲ್ಲೆಗೆ ಒಬ್ಬ ಆಡಿಯಾಲಜಿಸ್ಟ್ ಇರಲೇಬೇಕು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿ ಕಲಿತು ಬಂದವರಿಗೆ ಖಾಯಂ ಹುದ್ದೆ, ತಕ್ಕ ಸಂಬಳ ಕೊಟ್ಟರೆ ರಾಯಚೂರಿಗೂ ಬರುತ್ತಾರೆ.

ಇಡೀ ರಾಜ್ಯಕ್ಕೆ ಒಮ್ಮೆಲೇ ಆಗದಿದ್ದರೆ ಯಾದಗಿರಿ ಜಿಲ್ಲೆಯೊಂದರಲ್ಲಿ ಶುರು ಮಾಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇದಕ್ಕೊಂದು ಪಾಲು ತೆಗೆದಿಡಬಹುದು. ಪಟ್ಟಿಯ ನಮೂನೆ, ಕೆಂಪು ಗುರುತಿನ ಚೀಟಿ, ತಪಾಸಣಾ ತಂಡಗಳಿಗೆ ತರಬೇತಿ ಇವಕ್ಕೆಲ್ಲ ಜಿಲ್ಲಾ ಕಚೇರಿಯಲ್ಲಿ ಕೂತು ಕೆಲಸ ಮಾಡಲು ನಾನು ಸಿದ್ಧನಿದ್ದೇನೆ, ಸಂಭಾವನೆ ಬೇಡ. ಮುಂದಿನ ಬಜೆಟ್ಟಿನ ತಯಾರಿಗೆ ಮೊದಲೇ ತಮ್ಮ ಅಧಿಕಾರಿಗಳಿಗೆ ಒಂದು ಮಾತು ಹೇಳಿ, ಕರೆದ ದಿನ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಿವಿ-ಮೂಗು-ಗಂಟಲು ಶಸ್ತ್ರವೈದ್ಯ