ಗಾಡಿ ಹೊರಟ ಮೇಲಿನ ಕರ್ತವ್ಯ

ಗಡಿಗೆ ಹೊರಟ ಸೈನಿಕರನ್ನು ಹರಸಿ ಕಳುಹಲು ಆಬಾಲವೃದ್ಧರೂ ನೆರೆಯುವುದು ನಮ್ಮ ದೇಶಕ್ಕೆ ಹೊಸತಲ್ಲ. 1965ರ ಯುದ್ಧದಲ್ಲಿ ಪಂಜಾಬಿನ ಹಳ್ಳಿಗರು ರೊಟ್ಟಿ, ಹಾಲು ಹೊತ್ತು ಜವಾನರಿದ್ದಲ್ಲಿಗೇ ನಡೆದರು. ಹಾರ, ಸಿಹಿ, ಜಯಘೋಷಗಳನ್ನು ಬರಿಯ ಆಡಂಬರವೆಂದು ಹೀಗಳೆಯುವವರ ಪಂಕ್ತಿಯಲ್ಲಿ ನಾವು ಕೂರಲಾರೆವು. ಹೊರಟವನ ಎದೆಗೆ ಅದೊಂದು ಬಲವೇ ಸರಿ. ಆದರೆ ಗಾಡಿ ಹೊರಟ ಮೇಲೆ, ಹಾರ ಹಾಕಿದ ಕೈಗಳು ಏನು ಮಾಡುತ್ತವೆ? ನಾವು ಕೇಳಬಯಸುವುದು ಇಷ್ಟೇ.

ಈ ನಗರದ ಕನ್ನಡಿಗರಿಗೆ ಇದು ದೂರದ ಪ್ರಶ್ನೆಯಲ್ಲ. ಸಿಕಂದರಾಬಾದು ಎರಡು ಶತಮಾನಗಳಿಂದ ದಂಡಿನ ಊರು. ಗೋಲ್ಕೊಂಡದಲ್ಲಿ 1962ರಿಂದ ಫಿರಂಗಿ ದಳದ ತರಬೇತಿ ಕೇಂದ್ರವಿದೆ. ಮೊದಲ ಮಹಾಯುದ್ಧದಲ್ಲಿ ಹೈದರಾಬಾದಿನ ಅಶ್ವದಳವೂ ಮೈಸೂರಿನ ಅಶ್ವದಳವೂ ಒಂದೇ ಬ್ರಿಗೇಡಿನಲ್ಲಿ ಸೇರಿ ಈಜಿಪ್ಟಿಗೆ ಹಡಗು ಹತ್ತಿದ್ದವು. ಕೊಡಗಿನ ತಿಮ್ಮಯ್ಯನವರು ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಮುನ್ನಡೆಸಿದ ಪಲ್ಟಣವು ಆಗ ಹೈದರಾಬಾದಿನ ಹೆಸರನ್ನೇ ಹೊತ್ತಿದ್ದ ರೆಜಿಮೆಂಟಿಗೆ ಸೇರಿದ್ದುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

1965ರ ವಿಷಯ ಬಂದಾಗ ಇಲ್ಲಿ ಎಲ್ಲರ ಬಾಯಲ್ಲಿಯೂ ಬರುವುದು ನಿಜಾಮರ ಚಿನ್ನದ ಕಥೆ. ಅವರು ಐದು ಟನ್ನು ಬಂಗಾರವನ್ನು ದೇಶಕ್ಕೆ ದಾನವಿತ್ತರೆಂದು ಜನ ಹೇಳುತ್ತಾರೆ. ಅದು ದಾನವಲ್ಲ, ಸರಕಾರದ ರಕ್ಷಣಾ ಚಿನ್ನದ ಬಾಂಡುಗಳಲ್ಲಿ ಶೇಕಡಾ 6.5ರ ಬಡ್ಡಿಗೆ ಹೂಡಿದ 425 ಕಿಲೋ. ಅದೂ ದೇಶಕ್ಕೆ ಒದಗಿತು, ನಾವು ಕಡೆಗಣಿಸುವುದಿಲ್ಲ. ಆದರೆ ಅದೇ ವರ್ಷ ಧಾನ್ಯದ ಅಭಾವವನ್ನು ನೀಗಲು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಸೋಮವಾರ ಒಂದು ಹೊತ್ತಿನ ಊಟ ಬಿಡಿರೆಂದು ಕೇಳಿಕೊಂಡಾಗ, ದೇಶದಲ್ಲಿ ಅನೇಕ ಹೋಟೆಲುಗಳು ಆ ಸಂಜೆ ಒಲೆ ಹಚ್ಚಲಿಲ್ಲ. ಆ ಸಂಜೆಗಳ ವ್ಯಾಪಾರಕ್ಕೆ ಯಾರೂ ಬಡ್ಡಿ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಹೋಟೆಲಿನ ವೃತ್ತಿಯವರು ಎದೆಯುಬ್ಬಿಸಿ ಹೇಳಿಕೊಳ್ಳಬೇಕಾದ ಕಥೆ ಇದು. ನಾವೋ ಬಂಗಾರದ ಕಥೆಯನ್ನೇ ಹೇಳುತ್ತ ಬಂದಿದ್ದೇವೆ.

ಯುದ್ಧಕಾಲದಲ್ಲಿ ಜನ ಸೇರುತ್ತಾರೆ. ಶವ ಬಂದಾಗಲೂ ಸೇರುತ್ತಾರೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿಯಲ್ಲಿ ಆರು ದಿನ ಜೀವ ಹಿಡಿದಿದ್ದು, ಬಳಿಕ ತೀರಿಕೊಂಡ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದರ ಅಂತಿಮ ದರ್ಶನಕ್ಕೆ ಧಾರವಾಡ ಸೀಮೆಯ ಜನ ಸಹಸ್ರ ಸಹಸ್ರವಾಗಿ ಬಂದರು. ಆತ ರಜೆ ಮುಗಿಸಿ ಬೆಟದೂರಿನಿಂದ ಹೊರಟ ದಿನ ಎಷ್ಟು ಜನ ಜೊತೆಗೆ ನಡೆದರೆಂದು ಯಾರು ಎಣಿಸಿಟ್ಟಿದ್ದಾರೆ? ಶಾಂತಿಕಾಲದ ಸೈನಿಕ ಹೀಗೆಯೇ ಹೋಗುತ್ತಾನೆ. ಸಿಕಂದರಾಬಾದಿನ ನಿಲ್ದಾಣದಲ್ಲಿ ಕಪ್ಪು ಟ್ರಂಕಿನ ಮೇಲೆ ಕುಳಿತು ಉತ್ತರದ ಗಾಡಿಗೆ ಕಾಯುವ ಯುವಕರನ್ನು ನಾವೆಲ್ಲರೂ ಕಂಡಿದ್ದೇವೆ, ಮಾತನಾಡಿಸಿದವರು ವಿರಳ. ಊರು ಬಿಟ್ಟು ಹೊರಡುವುದೆಂದರೇನೆಂದು ಕುಂದಾಪುರದಿಂದಲೋ ಬೀದರಿನಿಂದಲೋ ಎಳೆಯ ವಯಸ್ಸಿನಲ್ಲಿ ಹೊರಟುಬಂದ ನಮ್ಮವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ವ್ಯತ್ಯಾಸವಿಷ್ಟೇ: ನಮ್ಮ ವಿಳಾಸದಲ್ಲಿ ಊರಿನ ಹೆಸರಿರುತ್ತದೆ, ಆತನದರಲ್ಲಿ ‘56 ಎ.ಪಿ.ಓ.’ ಎಂಬ ಅಂಕಿಯಷ್ಟೇ.

ಆತ ದೂರವಿರುವಾಗ ಮನೆಯಲ್ಲಿ ನಡೆಯುವುದನ್ನು ನೆನೆಯೋಣ. ದಾಯಾದಿಯು ಬದುವನ್ನು ಎರಡು ಮೊಳ ಒತ್ತುತ್ತಾನೆ. ಕೋರ್ಟಿನ ನೋಟೀಸು ಬರುತ್ತದೆ. ವೃದ್ಧ ತಂದೆಗೆ ದಿಕ್ಕು ತೋಚದು. ಇಂಥ ಸಂದರ್ಭಕ್ಕೆಂದೇ 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆಯಿದೆ. ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿರುವ ಸೈನಿಕನ ಪರವಾಗಿ ನ್ಯಾಯಾಲಯದಲ್ಲಿ ಯಾರೂ ಇಲ್ಲದಿದ್ದರೆ, ಕಲೆಕ್ಟರರು ಆ ಸಂಗತಿಯನ್ನು ನ್ಯಾಯಾಲಯಕ್ಕೆ ಪ್ರಮಾಣೀಕರಿಸಿ ತಿಳಿಸಬಹುದು; ಆಗ ವ್ಯಾಜ್ಯ ತಡೆದು ನಿಲ್ಲುತ್ತದೆ. ಕಾಯ್ದೆಯಿದ್ದರೆ ಸಾಲದು, ಅರ್ಜಿ ಬರೆಯುವವರು ಬೇಕು. ಪಿಂಚಣಿಯದೂ ಇದೇ ಪಾಡು. ಈಗ ಅದೆಲ್ಲವೂ ಗಣಕಯಂತ್ರದ ‘ಸ್ಪರ್ಶ್’ ವ್ಯವಸ್ಥೆಗೆ ಸೇರಿದೆ. ವರ್ಷಕ್ಕೊಮ್ಮೆ ಬದುಕಿರುವುದಾಗಿ ಗುರುತು ಕೊಡದಿದ್ದರೆ ಹಣ ನಿಲ್ಲುತ್ತದೆ. ಅಕ್ಷರ ಬಾರದ ಯೋಧನ ವಿಧವೆಗೆ ಆ ಪರದೆಯು ಶತ್ರುವಿನ ಕೋಟೆಗಿಂತ ಕಠಿಣ. ಕಡತಗಳ ನಡುವೆಯೇ ಬಾಳುವ ನಮ್ಮ ಗುಮಾಸ್ತ ಬಂಧುಗಳಿಗೆ ಇದು ಅರ್ಧ ಗಂಟೆಯ ಕೆಲಸ.

ಇನ್ನು ಹೋಟೆಲಿನ ಬಂಧುಗಳು. ‘ಸೈನಿಕರಿಗೆ ಪುಕ್ಕಟೆ ಊಟ’ ಎಂಬ ಫಲಕ ತೂಗಹಾಕಿ ಚಿತ್ರ ತೆಗೆಸಿಕೊಳ್ಳುವುದು ನಮಗೆ ರುಚಿಸದು. ದುಡಿದು ಸಂಬಳ ಪಡೆಯುವವನು ಭಿಕ್ಷೆಯನ್ನು ಬಯಸುವುದಿಲ್ಲ. ಗಾಡಿ ತಡವಾಗಿ ಅಪರಾತ್ರಿಯಲ್ಲಿ ಬಂದವನಿಗೆ ‘ಊಟ ಮುಗಿಯಿತು’ ಎನ್ನದೆ ಒಂದು ಬಿಸಿ ಅನ್ನ-ಸಾರು ಬಡಿಸುವುದು, ಟ್ರಂಕನ್ನು ಗಲ್ಲಾದ ಹಿಂದೆ ಇರಿಸಿಕೊಳ್ಳುವುದು, ಕನ್ನಡದಲ್ಲಿ ‘ಯಾವ ಊರಪ್ಪಾ?’ ಎಂದು ಕೇಳುವುದು, ಇವು ಮಾಣಿಯ ಕೈಯಲ್ಲಿಯೇ ಇವೆ. ಅನ್ನದ ಬೆಲೆಯನ್ನು ಯಜಮಾನರು ಬಿಡುವುದೂ ಬಿಡದಿರುವುದೂ ಅವರಿಗೆ ಸೇರಿದ್ದು.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ನಮ್ಮ ಸಂಸ್ಥೆಗಳು ಮನಸ್ಸು ಮಾಡಿದರೆ ಒಂದು ಮೇಜು, ಎರಡು ಕುರ್ಚಿಗಳಿಗೆ ಕೊರತೆಯಾಗದು. ಡಿಸೆಂಬರ್ 7ರ ಧ್ವಜ ದಿನಕ್ಕೆ ಡಬ್ಬಿಯಲ್ಲಿ ನಾಣ್ಯ ಹಾಕುವುದನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಉಳಿದ ವಾರಗಳ ಮಾತು ಇದು. ಭಾನುವಾರ ಗುಮಾಸ್ತರಿಗೆ ರಜೆ. ಹೋಟೆಲಿನವರಿಗೆ ಮಧ್ಯಾಹ್ನದ ಊಟದ ಗದ್ದಲ ಇಳಿದು ಸಂಜೆಯ ಕಾಫಿಗೆ ಒಲೆ ಹಚ್ಚುವವರೆಗೆ ತುಸು ಬಿಡುವು. ಇಬ್ಬರಿಗೂ ಒದಗುವ ಆ ಹೊತ್ತಿನಲ್ಲಿ ಮೇಜು ಹಾಕಬಹುದು. ಸೈನಿಕರ ಮನೆಯವರು ಕಾಗದಪತ್ರಗಳೊಡನೆ ಅಲ್ಲಿಗೆ ಬರಬಹುದೆಂಬ ಸುದ್ದಿಯನ್ನು ಪ್ರತಿಯೊಂದು ಗಲ್ಲಾದಿಂದಲೂ ಹೇಳಿ ಕಳುಹಬಹುದು.