ಯಾಜಕನಿರಬೇಕೆ, ಬೇಡವೆ?



ಕ್ರೈಸ್ತರ ಕೆಲವು ಸಭೆಗಳಲ್ಲಿ ದೀಕ್ಷೆ ಹೊಂದಿದ ಯಾಜಕರಿದ್ದಾರೆ. ಕೆಲವು ಸಭೆಗಳಲ್ಲಿ ಅಂಥವರಿಲ್ಲ. ಇದನ್ನು ಕಂಡ ನಮ್ಮ ವಿದ್ಯಾವಂತರನೇಕರು, ಯಾಜಕರನ್ನು ಉಳಿಸಿಕೊಂಡವರು ಮೂಢರು, ಬಿಟ್ಟವರು ಸುಧಾರಕರು ಎಂದು ಒಂದೇ ಮಾತಿನಲ್ಲಿ ತೀರ್ಪಿತ್ತುಬಿಡುತ್ತಾರೆ. ಈ ತೀರ್ಪು ಅವಸರದ್ದು ಮಾತ್ರವಲ್ಲ, ತಪ್ಪು ಕೂಡ. ದೇವರಿಗೂ ಭಕ್ತನಿಗೂ ನಡುವೆ ನಿಲ್ಲತಕ್ಕವರಾರು ಎಂಬ ಪ್ರಶ್ನೆಯನ್ನು ಇಷ್ಟು ಅಗ್ಗವಾಗಿ ಮುಗಿಸಲಾಗದು.

ಭೇದದ ಮೂಲವಿರುವುದು ಪಾದ್ರಿಯ ನಿಲುವಂಗಿಯಲ್ಲಲ್ಲ. ರೊಟ್ಟಿ ಮತ್ತು ದ್ರಾಕ್ಷಾರಸದ ಪವಿತ್ರ ಭೋಜನದಲ್ಲಿ. ಕ್ಯಾಥೊಲಿಕರಿಗೆ ಅದು ಯೇಸುವಿನ ಬಲಿಯೇ ಸನ್ನಿಹಿತವಾಗುವ ಕರ್ಮ. ಕನ್ನಡ ಕ್ಯಾಥೊಲಿಕರು ಅದನ್ನು ಬಲಿಪೂಜೆಯೆಂದೇ ಕರೆಯುವುದನ್ನು ತಾವು ಕೇಳಿರಬಹುದು. ಬಲಿಯಿದ್ದಮೇಲೆ ಯಾಜಕನಿರಲೇಬೇಕು; ಅವನ ಅಧಿಕಾರವು ಯೇಸುವಿನ ಶಿಷ್ಯರಾದ ಅಪೊಸ್ತಲರಿಂದ ಬಿಷಪ್ಪರಿಗೆ, ಬಿಷಪ್ಪರಿಂದ ಅವನಿಗೆ, ತಲೆಯ ಮೇಲೆ ಕೈಯಿಡುವುದರ ಮೂಲಕ ಇಳಿದುಬರಬೇಕು. ಆ ಭೋಜನವನ್ನು ಸ್ಮರಣೆಯೆಂದು ಬಗೆದವರಿಗೆ ಬೋಧಿಸುವ ಸಭಾಪಾಲಕನಿದ್ದರೆ ಸಾಕು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸನ ಅನುಯಾಯಿಗಳಾದ ಕ್ವೇಕರರು ಭೋಜನವಿಧಿಯನ್ನೇ ಕೈಬಿಟ್ಟು ಮೌನವಾಗಿ ಕುಳಿತರು. ಅಂತಃಪ್ರೇರಣೆಯಾದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ನುಡಿಯಬಹುದಾಗಿತ್ತು.

ಹಾಗಾದರೆ ಶಾಸ್ತ್ರ ಯಾರ ಪಕ್ಷದಲ್ಲಿದೆ? ಹೊಸ ಒಡಂಬಡಿಕೆಯ ಗ್ರೀಕ್ ಮೂಲವು ಬಲಿಯರ್ಪಿಸುವ ಯಾಜಕನನ್ನು 'ಹಿಯೆರೆಯುಸ್' ಎನ್ನುತ್ತದೆ. ಯೇಸುವಿಗೂ ಸಮಸ್ತ ವಿಶ್ವಾಸಿಗಳಿಗೂ ಈ ಶಬ್ದ ಅನ್ವಯಿಸಿದೆ. ಸಭೆಯ ಅಧಿಕಾರಿಗೆ ಒಮ್ಮೆಯೂ ಇಲ್ಲ. ಅವನಿಗಿರುವ ಹೆಸರು 'ಪ್ರೆಸ್ಬುಟೆರೊಸ್', ಅಂದರೆ ಹಿರಿಯ. ಯಾಜಕಪಕ್ಷದವರು ಇದಕ್ಕೆ ಪರಂಪರೆಯನ್ನೇ ಉತ್ತರವಾಗಿ ಒಡ್ಡುತ್ತಾರೆ. 2ನೆಯ ಶತಮಾನದ ಆರಂಭದಲ್ಲಿಯೇ ಅಂತಿಯೋಕ್ಯದ ಇಗ್ನೇಷಿಯಸನು ಬಿಷಪ್ಪನ ಹೊರತು ಸಭೆಯ ಕಾರ್ಯ ಸಲ್ಲದೆಂದು ಬರೆದುದು ಹಗುರವಾದ ಸಾಕ್ಷ್ಯವೇನೂ ಅಲ್ಲ.

ಆದರೂ ಬಿಷಪ್ಪನ ಕೈಯಿಂದ ಬಾರದ ದೀಕ್ಷೆ ದೀಕ್ಷೆಯೇ ಅಲ್ಲವೆಂಬ ವಾದವನ್ನು ನಾನು ಒಪ್ಪಲಾರೆ. ಇದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪಿತವಾದಾಗ ಬಿಷಪ್ಪರುಳ್ಳ ಆಂಗ್ಲಿಕನರೂ, ಬಿಷಪ್ಪರಿಲ್ಲದ ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪಂಥದವರೂ ಒಂದಾದರು. ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದಲೇ ಆಗಬೇಕೆಂದು ಗೊತ್ತಾಯಿತು. ಆದರೆ ಅಲ್ಲಿಯವರೆಗೆ ಬಿಷಪ್ಪರ ಕೈ ಸೋಂಕದೆ ಪಾದ್ರಿಗಳಾಗಿದ್ದವರಿಗೆ ಮರುದೀಕ್ಷೆಯ ಮಾತನ್ನೇ ಎತ್ತಲಿಲ್ಲ. ನಂದ್ಯಾಲದ ಕಡೆಯ ಅನೇಕ ಆಂಗ್ಲಿಕನರು ಆಗ ಸೇರಲೊಪ್ಪದೆ ಹೊರಗುಳಿದರು. ವಿಚಿತ್ರವೆಂದರೆ, 2013ರಲ್ಲಿ ದಕ್ಷಿಣ ಭಾರತ ಸಭೆಯ ಪ್ರಪ್ರಥಮ ಮಹಿಳಾ ಬಿಷಪ್ಪರು ಪೀಠವೇರಿದ್ದು ಅದೇ ನಂದ್ಯಾಲದಲ್ಲಿ!

ಯಾಜಕರನ್ನು ಬಿಟ್ಟವರೂ ಬೀಗಬೇಕಾದ ಕಾರಣವಿಲ್ಲ. ಸಕಲ ವಿಶ್ವಾಸಿಗಳೂ ಯಾಜಕರೇ ಎಂದು 1520ರಲ್ಲಿ ಸಾರಿದ ಮಾರ್ಟಿನ್ ಲೂಥರನೇ, ಸಮುದಾಯದ ಒಪ್ಪಿಗೆಯಿಲ್ಲದೆ ಯಾರೂ ಆ ಕಾರ್ಯಕ್ಕೆ ಕೈಹಾಕಕೂಡದೆಂದು ಒಡನೆಯೇ ಎಚ್ಚರಿಸಿದನು. ಇನ್ನು ಕ್ವೇಕರರು? 1870ರ ದಶಕದಿಂದೀಚೆಗೆ ಅಮೆರಿಕದ ಮಧ್ಯಪಶ್ಚಿಮ ಪ್ರಾಂತಗಳ ಕ್ವೇಕರ್ ಸಭೆಗಳಿಗೆ ಹೊಸ ಜನ ಗುಂಪುಗುಂಪಾಗಿ ಬಂದರು. ಅವರಿಗೆ ಮೌನದ ಅಭ್ಯಾಸವಿರಲಿಲ್ಲ, ಬೋಧಿಸುವವರು ಬೇಕಾಗಿತ್ತು. ಸಂಬಳದ ಪಾದ್ರಿಯನ್ನು ಜರೆಯುತ್ತಲೇ ಹುಟ್ಟಿದ ಆ ಪಂಥದ ಸಭೆಗಳಲ್ಲಿ ಅನೇಕವು ಸಂಬಳ ಗೊತ್ತುಮಾಡಿ ಪಾದ್ರಿಗಳನ್ನು ನೇಮಿಸಿಕೊಂಡವು.